ಬೆಲ್ಲದ ಗಾರೆ

ಏಪ್ರಿಲ್ 21, ಸೋಮವಾರ

ಇವತ್ತೂ ಗುಡಿಸಿದೆ. ಹಿಂಬದಿ ಗೋಡೆಯ ಬುಡದಲ್ಲಿ ದಿನಾ ಒಂದು ಮೊರ ಪುಡಿ — ಅರ್ಧ ಕೆಂಪು, ಅರ್ಧ ಬಿಳಿ. ಇಟ್ಟಿಗೆಯದು, ಇಟ್ಟಿಗೆ ಸಂದಿನ ಹಳೇ ಗಾರೆಯದು. ಗುಡಿಸಿ ಹೊರಗೆ ಹಾಕುತ್ತಿರುವುದು ಗೋಡೆಯನ್ನೇ ಅಂತ ಗೊತ್ತು. ಗೊತ್ತಿದ್ದೂ ಗುಡಿಸುತ್ತೇನೆ. ಇಲ್ಲದಿದ್ದರೆ ಮಕ್ಕಳು ತಿನ್ನುತ್ತವೆ.

ಚಂದನಾ ತಿಂದೇಬಿಟ್ಟಳು. ತೋಟದ ಆಳು ಚಿನ್ನನ ಮೊಮ್ಮಗಳು, ಇನ್ನೂ ಮೂರು ತುಂಬಿಲ್ಲ. ಗಂಜಿ ಕೊಟ್ಟರೆ ಉಗಿಯುತ್ತಾಳೆ, ಸಂದಿಗೆ ಬೆರಳು ಹಾಕಿ ಸುಣ್ಣ ಅಗೆದು ಚೀಪುತ್ತಾಳೆ. ಅವಳ ಬಾಯಿ ತೊಳೆಸುವಷ್ಟರಲ್ಲಿ ದೊಡ್ಡ ಹುಡುಗರಿಬ್ಬರು ಒಂದು ಇಟ್ಟಿಗೆ ಹಿಡಿದು ಎಳೆದರು. ಸಲೀಸಾಗಿ ಈಚೆ ಬಂತು. ತೂತಿನಲ್ಲಿ ಆಚೆಯ ತೋಡಿನ ನೀರು ಕಾಣುತ್ತದೆ. ಏಳೂ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಕಣ್ಣಿಟ್ಟು ನೋಡಿದವು. ಬೈಯಲು ಹೋದ ನಾನೂ ನೋಡಿದೆ.

ಅದೇ ಹೊತ್ತಿಗೆ ತೋಟದ ಸಾವುಕಾರರು ಬಂದರು. ನಾಣಯ್ಯನವರು ಹಳೇ ಲೈನ್ ಹತ್ತಿರ ಜೀಪ್ ನಿಲ್ಲಿಸುವುದು ವರ್ಷಕ್ಕೊಮ್ಮೆ. ಆ ಒಮ್ಮೆ ಇವತ್ತೇ ಆಗಬೇಕಿತ್ತು. ಆಳುಗಳಿಗೆ ಅಂತ ಸಾಲಾಗಿ ಕಟ್ಟಿದ ಈ ಲೈನ್‌ನಲ್ಲಿ ಈಗ ಯಾರೂ ವಾಸ ಇಲ್ಲ. ಪೈಪು, ಗೊಬ್ಬರದ ಚೀಲ. ಕೊನೆಯ ಕೋಣೆ ಮಾತ್ರ ಮಕ್ಕಳ ಮನೆ, ಅಮ್ಮಂದಿರು ಕೆಲಸಕ್ಕೆ ಹೋದಾಗ ಕೂಸುಗಳನ್ನು ನಾನು ನೋಡಿಕೊಳ್ಳುವ ಜಾಗ — ನನ್ನದು ಅಂತಲೇ ಅನ್ನುತ್ತೇನೆ.

"ಇದೆಂಥ ವನಜಮ್ಮ? ಇದ್ರೊಳಗೆ ಮಕ್ಕಳನ್ನ ಕೂರಿಸ್ತೀರಾ?"

"ಇಷ್ಟು ವರ್ಷದಿಂದ ಇದರೊಳಗೇ ಅಲ್ವಾ ಸಾವ್ಕಾರ್ರೆ."

"ಮಳೆಗೆ ಮುಂಚೆ ಗೋಡೆ ಸರಿ ಆಗ್ಬೇಕು. ಇಲ್ಲಾಂದ್ರೆ ಬೀಗ ಹಾಕುವ. ನಾಳೆ ಎಂಥಾದ್ರೂ ಆದ್ರೆ ಜೈಲಿಗೆ ಹೋಗೋದು ನಾನು."

ಬೀಗ ಅಂದರೆ ಮಕ್ಕಳು ಮೊದಲಿನ ಹಾಗೆ ತೋಟಕ್ಕೆ. ಕಾಫಿ ಗಿಡದ ಬುಡದಲ್ಲಿ ಗೋಣಿ ಹಾಸಿ ಮಲಗಿಸುವುದು, ಅಮ್ಮಂದಿರು ಕೆಲಸ ಮಾಡುತ್ತಾ ಮುಂದೆ ಮುಂದೆ ಹೋಗುವುದು. ಆನೆ ಓಡಾಡುವ ತೋಟ. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಹಾಗೆ ಮಲಗಿದ್ದ ಕೂಸಿನ ಪಕ್ಕದಲ್ಲೇ ಆನೆ ಹಾದುಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೀಗ ಹಾಕಿಸುವುದಿಲ್ಲ. ಅಷ್ಟೇ.

ಏಪ್ರಿಲ್ 23, ಬುಧವಾರ

ನಮ್ಮನೆಯವರು ತೋಟದ ಲೆಕ್ಕ ಬರೆಯುವ ರೈಟರ್. ಇವರು ಅಮ್ಮತ್ತಿಯಿಂದ ಗಾರೆ ಕೆಲಸದವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಅವನು ಗೋಡೆಗೆ ಎರಡು ಸಲ ಕುಟ್ಟಿದ, ಮೂರನೇ ಸಲ ಕುಟ್ಟಲು ಹೆದರಿದ. "ಒಡೆದು ಬ್ಲಾಕ್ ಕಟ್ಟಿಸಿ ಅಕ್ಕ" ಅಂದ. ಯಾವಾಗ ಕಟ್ಟುತ್ತೀಯಪ್ಪ ಅಂದರೆ ದೀಪಾವಳಿ ಕಳೀಲಿ ಅಂದ. ಗಾರೆಯವರಿಗೆಲ್ಲ ಈಗ ಹೋಂಸ್ಟೇ ಕಟ್ಟುವ ಕೆಲಸ. ಟೀ ಕುಡಿದು ಹೋದ.

ಇವರು ಊಟಕ್ಕೆ ಕೂತಾಗಲೂ ಮೊಬೈಲ್ ಬಿಡಲಿಲ್ಲ. ಹಳೇ ಇಟ್ಟಿಗೆ ಗೋಡೆ ರಿಪೇರಿ ಮಾಡುವ ವಿಡಿಯೋ. ಸಂಜೆ ಲೈನ್‌ಗೆ ಕರೆದುಕೊಂಡು ಹೋಗಿ ಪಾಠ ಶುರು. ಹಿಂದೆ ಯಾರೋ ಸಂದಿಗೆ ಸಿಮೆಂಟ್ ಮೆತ್ತಿದ ಕಡೆ ತೋರಿಸಿದರು. ಸಿಮೆಂಟ್ ಕಲ್ಲಿನಂತೆ ನಿಂತಿದೆ, ಅದರ ಅಕ್ಕಪಕ್ಕದ ಇಟ್ಟಿಗೆಗಳ ಮುಖವೆಲ್ಲ ಪದರ ಪದರ ಉದುರಿದೆ.

"ನೋಡೇ. ಇಟ್ಟಿಗೆ ಮೆತ್ತಗೆ, ಸಿಮೆಂಟು ಗಟ್ಟಿ. ಕುಡಿದ ನೀರು ಸಂದಿಲಿ ಹೊರಗೆ ಹೋಗಂಗಿಲ್ಲ, ಇಟ್ಟಿಗೆನೇ ಒಡ್ಕಂಡು ಬತ್ತದೆ. ಇದಕ್ಕೆ ಸುಣ್ಣದ ಗಾರೆನೇ ಆಗಬೇಕು."

"ಗಂಡ ಗಟ್ಟಿ ಇದ್ದು ಹೆಂಡತಿ ಮೆತ್ತಗಿದ್ದರೂ ಹಿಂಗೇ ಆಯ್ತದೆ" ಅಂದೆ.

"ನೀನಾ ಮೆತ್ತಗೆ?" ಅಂತ ನಕ್ಕರು. ಆದರೆ ಮಾತು ಸರಿ ಅನ್ನಿಸಿತು. ಗೋಡೆ ಒಡೆಯುವುದು ಬೇಡ. ಸಡಿಲ ಗಾರೆ ಕೆರೆದು ತೆಗೆದು ಹೊಸದು ತುಂಬುವುದು. ಯಾರೂ ಬರದಿದ್ದರೆ ನಾನೇ ಮಾಡುತ್ತೇನೆ. ಚಿನ್ನನನ್ನು ಕೇಳಬೇಕು. ಅವನ ಮೊಮ್ಮಗಳಲ್ಲವೇ ಗೋಡೆ ತಿನ್ನುತ್ತಿರುವುದು.

ಏಪ್ರಿಲ್ 26, ಶನಿವಾರ

ಮಕ್ಕಳನ್ನು ಕಳಿಸಿದ ಮೇಲೆ ಶುರು ಮಾಡಿದೆವು, ಚಿನ್ನ ಮತ್ತು ನಾನು. ಹಳೇ ಉಳಿ, ಒಂದು ಸ್ಕ್ರೂಡ್ರೈವರ್, ತೆಂಗಿನ ಪೊರಕೆ. ಬೆರಳಿನ ಎರಡು ಗೆಣ್ಣು ಆಳಕ್ಕೆ ಕೆರೆಯಬೇಕು, ಗಟ್ಟಿ ಸಿಗುವ ತನಕ. ಒಂದೇ ಕಡೆ ಉದ್ದಕ್ಕೂ ಕೆರೆದರೆ ಗೋಡೆ ತಲೆ ಮೇಲೆ ಬರುತ್ತದೆ. ಇಲ್ಲಿ ಮೊಳದಷ್ಟು, ಬಿಟ್ಟು ಅಲ್ಲಿ ಮೊಳದಷ್ಟು.

ಚಿನ್ನ ಮಾತಾಡುತ್ತಲೇ ಕೆಲಸ ಮಾಡುವವನು. ಮಾತು ನಿಂತರೆ ಉಳಿಯೂ ನಿಲ್ಲುತ್ತದೆ. ಹಾಗಾಗಿ ಅವನ ಅಳಿಯನ ಜಗಳ, ಹಾಡಿಯ ನೀರಿನ ಟ್ಯಾಂಕು, ಎಲ್ಲ ಕೇಳಿಸಿಕೊಂಡೆ. ಸಂದಿನಿಂದ ಜೇಡ, ಹಲ್ಲಿಮೊಟ್ಟೆ, ಮಕ್ಕಳು ತುರುಕಿದ ಹುಣಿಸೆಬೀಜ, ಒಂದು ಬಳೆಚೂರು. ತಲೆತುಂಬ ಧೂಳು. ಇವರು ನೋಡಿ "ಬೇತಾಳ ಬಂತು" ಅಂದರು. ಒಂದು ಕೈ ಹಾಕಲಿಲ್ಲ.

ಏಪ್ರಿಲ್ 29, ಮಂಗಳವಾರ

ಸುಣ್ಣ, ಮರಳು ಸಾವುಕಾರರೇ ಕಳಿಸಿದರು. ಸುಣ್ಣ ನೆನೆಹಾಕಿ ಆಯಿತು. ಈಗ ಇವರಿಗೆ ಬೆಲ್ಲದ ಹುಚ್ಚು. ಹಳೇ ಕಾಲದಲ್ಲಿ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಹಾಕಿ ಕೊಳೆಸಿ ಕಲಸುತ್ತಿದ್ದರಂತೆ. ಅಂಟು ಬರುತ್ತದಂತೆ. ಚಿನ್ನನೂ ತಲೆ ಆಡಿಸಿದ. ಅವನ ಅಜ್ಜ ಸಾವುಕಾರರ ಬಂಗಲೆ ಕಟ್ಟುವಾಗ ಹಾಗೇ ಕಲಸಿದ್ದನಂತೆ. "ಹುಳಿ ಬಂದಷ್ಟೂ ಒಳ್ಳೇದು ಅಕ್ಕ, ಗಾರೆ ಕಲ್ಲಾಯ್ತದೆ." ಅಳಲೆಕಾಯಿ ಅವನೇ ಆರಿಸಿ ತಂದ. ನಾನೂ ಹೂಂ ಅಂದೆ. ಪಾಯಸಕ್ಕೆ ಬೆಲ್ಲ ಹಾಕಿದರೆ ಕೈಗೆ ಅಂಟುವುದು ಗೊತ್ತಿಲ್ಲವೇ, ಗೋಡೆಗೂ ಅಂಟಲಿ ಅಂತ.

ಇವರು ಗೋಣಿಕೊಪ್ಪಲಿಗೆ ಹೋಗಿ ಕಪ್ಪು ಬೆಲ್ಲ ಮೂಟೆಯಲ್ಲೇ ತಂದರು. ಅಂಗಡಿಯವನು ಮುಖ ನೋಡಿ "ಏನ್ ರೈಟ್ರೇ, ವ್ಯಾಪಾರ ಶುರು ಮಾಡಿದ್ರಾ?" ಅಂದನಂತೆ. ಸಂಜೆಯೊಳಗೆ ತೋಟಕ್ಕೆಲ್ಲ ಸುದ್ದಿ — ರೈಟರ್ ಪುಟ್ಟರಾಜು ಭಟ್ಟಿ ಇಳಿಸುತ್ತಿದ್ದಾನೆ. ಹಬ್ಬಕ್ಕೂ ಒಂದು ಗುಟುಕು ಮುಟ್ಟದ ಮನುಷ್ಯ. ಮುಖ ಊದಿಸಿಕೊಂಡು ಕೂತಿದ್ದಾರೆ. ನನಗೆ ನಗು ತಡೆಯಲಾಗುತ್ತಿಲ್ಲ.

ಮೇ 2, ಶುಕ್ರವಾರ

ಬೆಲ್ಲ, ಅಳಲೆಕಾಯಿ ಕೊಳೆಹಾಕಿದ ಡ್ರಮ್ಮು ನೊರೆ ಬಿಡುತ್ತಿದೆ. ಮುಚ್ಚಳ ತೆಗೆದರೆ ತಲೆ ತಿರುಗುತ್ತದೆ. ಮಕ್ಕಳ ಮನೆಯ ಹಿಂಬದಿ ಗೋಡೆಗೆ ಒರಗಿಸಿ ಕಟ್ಟಿದ ಬಚ್ಚಲಿನೊಳಗೆ ಇಟ್ಟಿದ್ದೇವೆ. ಅಮ್ಮತ್ತಿಗೆ ಹೋಗುವ ಕಾಲುದಾರಿ ಅಲ್ಲೇ. ಕುಡುಕರು ಮೂಸಿಕೊಂಡು ಬಂದರೆ ಗೋಡೆಗೆ ಏನೂ ಉಳಿಯುವುದಿಲ್ಲ ಅಂತ ಇವರ ಆತಂಕ. ಬಚ್ಚಲ ಬಾಗಿಲಿಗೆ ಬೀಗ. ಸಾಲದ್ದಕ್ಕೆ ಚಿನ್ನ ಮುಳ್ಳಿನ ಕೊಂಬೆ ಕಟ್ಟಿದ.

ಸಾವುಕಾರರ ಹೆಂಡತಿ ಬೊಳ್ಳಮ್ಮನವರು ವಾಕಿಂಗ್ ಬಂದವರು ಮೂಗು ಅರಳಿಸಿ "ವನಜಮ್ಮ, ನಾನು ಮನೇಲಿ ಮಾಡುವ ವೈನ್‌ಗಿಂತ ಜೋರುಂಟಲ್ಲ" ಅಂದರು. ಗಾರೆಗೆ ಅಂತ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಮೇ 5, ಸೋಮವಾರ

ಗೋಡೆಗೆ ಮೊದಲು ನೀರು ಕುಡಿಸಬೇಕು. ಒಣಗಿದ ಇಟ್ಟಿಗೆ ಗಾರೆಯ ನೀರನ್ನೆಲ್ಲ ಎಳೆದುಬಿಡುತ್ತದೆ. ಆಮೇಲೆ ಸಣ್ಣ ಕರಣೆಯಲ್ಲಿ ಗಾರೆ ತೆಗೆದುಕೊಂಡು ಸಂದಿಗೆ ಒತ್ತುವುದು. ಒಂದೇ ಸಲ ತುಂಬಬಾರದು. ಒತ್ತು, ಬಿಡು, ಇನ್ನಷ್ಟು ಒತ್ತು. ಮೊದಲ ಸಾಲು ಇಟ್ಟಿಗೆಯ ಮೇಲೆಲ್ಲ ಮೆತ್ತಿ ಮಗುವಿನ ಊಟದ ತಟ್ಟೆ ಆಯಿತು. ಎರಡನೇ ಸಾಲಿಗೆ ಕೈ ಬಂತು. ಕೊನೆಯಲ್ಲಿ ಒದ್ದೆ ಗೋಣಿ ಹೊದಿಸಿದೆವು.

ಬೆರಳ ತುದಿಯೆಲ್ಲ ಸುಣ್ಣ ತಿಂದು ಕೆಂಪಗಾಗಿದೆ. ತೆಂಗಿನೆಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಪೆನ್ನು ಜಾರುತ್ತಿದೆ.

ಮೇ 9, ಶುಕ್ರವಾರ

ಮುಕ್ಕಾಲು ಪಾಲು ಮುಗಿಯಿತು. ನಿಂತು ನೋಡುತ್ತೇನೆ, ಹೋಗುತ್ತೇನೆ, ಮತ್ತೆ ಬಂದು ನೋಡುತ್ತೇನೆ. ಮದುವೆಯಾಗಿ ಬಂದ ಮೇಲೆ ರಂಗೋಲಿ ಬಿಟ್ಟರೆ ಕೈಯಲ್ಲಿ ಇಷ್ಟು ನೇರ ಗೆರೆ ಎಳೆದಿರಲಿಲ್ಲ. ಇವರೂ ಇವತ್ತು ಪ್ಯಾಂಟ್ ಮಡಚಿ ಒಂದು ಸಾಲು ತುಂಬಿದರು. ಸೊಟ್ಟ. ಅದನ್ನು ಹಾಗೇ ಬಿಟ್ಟಿದ್ದೇನೆ, ಬಂದವರಿಗೆಲ್ಲ ತೋರಿಸಲು.

ಸಾವುಕಾರರು ಬಂದು ಜೀಪ್ ಕೀಲಿಯಿಂದ ಸಂದು ಕೆರೆದು ನೋಡಿದರು. ಉದುರಲಿಲ್ಲ. "ಅಡ್ಡಿಯಿಲ್ಲ" ಅಂದರು. ನಾಣಯ್ಯನವರ ಬಾಯಲ್ಲಿ ಅಡ್ಡಿಯಿಲ್ಲ ಅಂದರೆ ಬೇರೆಯವರು ಹಾರ ಹಾಕಿದ ಹಾಗೆ. ಇನ್ನೊಂದು ಮೂಲೆ ಉಳಿದಿದೆ, ಬಚ್ಚಲ ಕಡೆಯದು. ಬರುವ ವಾರ ಮುಗಿಯುತ್ತದೆ. ಖುಷಿ ಆಗಿದೆ. ಬರೆದಿಡುತ್ತೇನೆ — ಖುಷಿ ಆಗಿದೆ.

ಮೇ 13, ಮಂಗಳವಾರ

ರಾತ್ರಿ ಆನೆ ಬಂದಿದೆ.

ಬೆಳಿಗ್ಗೆ ಬೀಗದಕೈ ಹಿಡಿದು ಹೋದರೆ ಬಚ್ಚಲೇ ಇಲ್ಲ. ಶೀಟು ಒಂದು ಕಡೆ, ಬಾಗಿಲು ಒಂದು ಕಡೆ, ಬೀಗ ಬಾಗಿಲಲ್ಲೇ ನೇತಾಡುತ್ತಿದೆ. ಡ್ರಮ್ಮು ಚಪ್ಪಟೆಯಾಗಿ ತೋಡಿನಲ್ಲಿ. ಬಚ್ಚಲು ಎಳೆದ ಭರಕ್ಕೆ ಗೋಡೆಯ ಆ ಮೂಲೆ ಒಳಗೆ ಕುಸಿದಿದೆ. ಹಸಿಯಾಗಿದ್ದ ಸಂದುಗಳನ್ನೆಲ್ಲ ದಂತದಲ್ಲೋ ಏನೋ ಕೆದರಿದೆ. ನೆಕ್ಕಿರಬೇಕು.

ಒಳಗೆ ಚಾಪೆಗಳ ಮೇಲೆ ಇಟ್ಟಿಗೆ. ಚಂದನಾ ಮಧ್ಯಾಹ್ನ ಮಲಗುವ ಮೂಲೆ ಅದೇ. ಅವಳ ಹೂವಿನ ಹೊದಿಕೆ ಅಡಿಯಲ್ಲಿತ್ತು. ಎಳೆದರೆ ಬರಲಿಲ್ಲ. ಒಂದೊಂದೇ ಇಟ್ಟಿಗೆ ಎತ್ತಿ ತೆಗೆದೆ. ರಾತ್ರಿ ಆದದ್ದು ಒಳ್ಳೆಯದಾಯಿತು ಅಂತ ಎಲ್ಲರೂ ಹೇಳಿದರು. ನನಗೆ ಆ ಹೊದಿಕೆ ಮಾತ್ರ ಕಣ್ಣಿಗೆ ಕಟ್ಟಿದೆ.

ಮಾರ್ಚ್‌ನಲ್ಲಿ ಇದೇ ಲೈನ್ ಸುತ್ತಲ ಹಲಸಿನ ಎಳೆಕಾಯಿಗಳನ್ನೆಲ್ಲ ಆಳಿಟ್ಟು ಕಡಿಸಿದ್ದೆವು, ವಾಸನೆಗೆ ಆನೆ ಬರಬಾರದು ಅಂತ. ನಿಂತು ಕಡಿಸಿದವರು ಇವರೇ. ಅದೇ ಜಾಗದಲ್ಲಿ ಮೂಟೆ ಬೆಲ್ಲ ಕೊಳೆಸಿಟ್ಟೆವು. ಕುಡುಕರಿಗೆ ಹೆದರಿ ಮುಳ್ಳು ಕಟ್ಟಿದೆವು. ಮೂರು ಜನ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಆನೆ ಜೊತೆ ಬದುಕಿದ ಚಿನ್ನನಿಗೂ. ಅವನು ತೋಡಿನ ದಡದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಳುತ್ತಿದ್ದ ಅಂತ ಕಾಣುತ್ತದೆ.

ಸಾವುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸ ಬೀಗ ತರಿಸಿದರು.

ಮೇ 14, ಬುಧವಾರ

ಮಕ್ಕಳು ತೋಟದಲ್ಲಿ. ನಾನೂ ತೋಟದಲ್ಲಿ. ಸಿಲ್ವರ್ ಓಕ್ ಮರದ ಬುಡದಲ್ಲಿ ಗೋಣಿ ಹಾಸಿ ಏಳನ್ನೂ ಕೂರಿಸಿಕೊಂಡೆ. ಅಮ್ಮಂದಿರು ಕಾಫಿ ಗಿಡದ ಬೇಡದ ಕಂಬಚಿಗುರು ತೆಗೆಯುತ್ತಾ ಇಳಿಜಾರಿನ ಆಚೆ ಹೋದರು, ಮಾತು ಮಾತ್ರ ಕೇಳಿಸುತ್ತಿತ್ತು. ಒಬ್ಬನಿಗೆ ಇರುವೆ ಕಚ್ಚಿತು. ಅವನನ್ನು ಕೊಡವಿ ತಿರುಗಿದರೆ ಚಂದನಾ ಇಲ್ಲ.

ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕೂಗಿದ್ದು ನೆನಪಿದೆ. ಆಳುಗಳೆಲ್ಲ ಕೆಲಸ ಬಿಟ್ಟು ಓಡಿಬಂದರು. ಎರಡು ಸಾಲು ಕೆಳಗೆ ಗಿಡದೊಳಗೆ ಕೂತು ಮಣ್ಣು ತಿನ್ನುತ್ತಿದ್ದಳು. ಎತ್ತಿಕೊಂಡು ಬೆನ್ನಿಗೆ ಒಂದು ಕೊಟ್ಟೆ. ಆಮೇಲೆ ನಾನೇ ಅತ್ತೆ. ಅವಳ ಅಮ್ಮ ನನ್ನನ್ನು ಸಮಾಧಾನ ಮಾಡಬೇಕಾಯಿತು.

ಸಂಜೆ ಬಂಗಲೆಗೆ ಹೋದೆ. ಇವರು ಬರುವುದಿಲ್ಲ ಅಂದರು, ಮುಖ ಇಲ್ಲವಂತೆ. ಒಬ್ಬಳೇ ಹೋದೆ.

"ಇನ್ನೊಂದು ಸಲ ಸರಿ ಮಾಡ್ತೀವಿ ಸಾವ್ಕಾರ್ರೆ. ಬೆಲ್ಲ ಮುಟ್ಟಲ್ಲ. ಹಾಕಿದ್ದನ್ನೂ ಕೆರೆದು ತೆಗೀತೀವಿ."

"ಗೋಡೆ ನೀವು ಮಾಡ್ತೀರಿ, ನಂಗೊತ್ತುಂಟು. ಆನೆಯನ್ನು ಎಂಥ ಮಾಡ್ತೀರಿ? ಒಮ್ಮೆ ರುಚಿ ಸಿಕ್ಕಿದ ಜಾಗ ಅದು ಮರೆಯೋದಿಲ್ಲ. ಹಗಲಲ್ಲೇ ಬಂದ್ರೆ?"

ಬಾಗಿಲ ಹತ್ತಿರ ಬೊಳ್ಳಮ್ಮನವರೂ ಬಂದು ನಿಂತರು. ಕೊನೆಗೆ ಸಾವುಕಾರರೇ ಹೇಳಿದರು: ಗೋಡೆ ಸುತ್ತ ಮಣ್ಣು ಹದ ಮಾಡಿ ಸಮ ಎಳೆಯಿರಿ. ದಿನಾ ಬೆಳಿಗ್ಗೆ ನೋಡಿ. ಮಳೆ ಹಿಡಿಯುವ ತನಕ ಆನೆ ಹೆಜ್ಜೆ ಬೀಳದಿದ್ದರೆ ಬಾಗಿಲು ತೆಗೆಯುವ. ಒಂದು ಹೆಜ್ಜೆ ಬಿದ್ದರೂ ಅದು ಕಾಳುಮೆಣಸಿನ ಸ್ಟೋರು.

"ಆನೆ ಮೆಣಸು ತಿನ್ನೋದಿಲ್ಲ" ಅಂದರು.

ಸರಿ ಅಂದೆ.

ಮೇ 17, ಶನಿವಾರ

ನಾವೇ ತುಂಬಿದ್ದನ್ನು ನಾವೇ ಕೆರೆಯುವುದು. ಹಳೇ ಗಾರೆ ಮುಟ್ಟಿದರೆ ಉದುರುತ್ತಿತ್ತು. ಇದು ಬರುವುದಿಲ್ಲ. ಅಷ್ಟು ಚೆನ್ನಾಗಿ ಹಿಡಿದಿದೆ ಹಾಳಾದ್ದು. ಚಿನ್ನ ಮಾತೇ ಆಡುತ್ತಿಲ್ಲ, ಆದರೆ ಉಳಿ ನಿಲ್ಲುತ್ತಿಲ್ಲ. ಇವರು ಮೂರು ದಿನದಿಂದ ಮಧ್ಯಾಹ್ನವೇ ರೈಟರ್ ಆಫೀಸ್ ಮುಚ್ಚಿ ಬರುತ್ತಿದ್ದಾರೆ. ತಮ್ಮ ಸೊಟ್ಟ ಸಾಲನ್ನು ತಾವೇ ಕೆರೆದರು. ನಾನು ತಮಾಷೆ ಮಾಡಲಿಲ್ಲ.

ಕೆರೆದ ಕಡೆಯೆಲ್ಲ ಸುಣ್ಣದ ನೀರಿನಲ್ಲಿ ತಿಕ್ಕಿ ತೊಳೆದೆವು. ಮೂಗಿಟ್ಟು ನೋಡಿದೆ. ನನಗೆ ವಾಸನೆ ಇಲ್ಲ. ಅದರ ಮೂಗಿನ ಉದ್ದ ನನಗೆಲ್ಲಿದೆ.

ಬೆಳಿಗ್ಗೆ ಮಣ್ಣಿನಲ್ಲಿ ಹೆಜ್ಜೆ ಇಲ್ಲ.

ಮೇ 18, ಭಾನುವಾರ

ಹೆಜ್ಜೆ ಇಲ್ಲ.

ಮೇ 20, ಮಂಗಳವಾರ

ಕುಸಿದ ಮೂಲೆ ಕಟ್ಟಿದೆವು, ಬರೀ ಸುಣ್ಣ, ಮರಳು. ಒಡೆದ ಇಟ್ಟಿಗೆ ಬದಲಿಗೆ ಕಾಫಿ ಹಣ್ಣು ಸುಲಿಯುತ್ತಿದ್ದ ಹಳೇ ಪಲ್ಪರ್ ಮನೆಯ ಇಟ್ಟಿಗೆ. ಚಿನ್ನ ದಾರ ಹಿಡಿದ, ನಾನು ಇಟ್ಟೆ, ಇವರು ಕಲಸಿದರು. ಸಂದುಗಳು ಅರ್ಧಕ್ಕೆ ಬಂದವು. ಮೋಡ ಆಗಲೇ ಕಟ್ಟುತ್ತಿದೆ. ಈ ವರ್ಷ ಮಳೆ ಬೇಗವಂತೆ.

ಬೆಳಿಗ್ಗೆ ಮಣ್ಣಿನಲ್ಲಿ ಕಾಡುಹಂದಿ ಓಡಾಡಿತ್ತು. ಹಂದಿ ಲೆಕ್ಕಕ್ಕಿಲ್ಲ.

ಚಂದನಾಳ ಸೊಂಟಕ್ಕೆ ಸೀರೆ ಅಂಚು ಕಟ್ಟಿ ಇನ್ನೊಂದು ತುದಿ ನನ್ನ ಕೈಗೆ ಕಟ್ಟಿಕೊಳ್ಳುತ್ತೇನೆ, ತೋಟದಲ್ಲಿ. ಕರುವಿನ ಹಾಗೆ. ಬೇಸರವಾಗುತ್ತದೆ, ಆದರೆ ಬಿಚ್ಚುವುದಿಲ್ಲ.

ಮೇ 22, ಗುರುವಾರ

ಮುಗಿಯಿತು. ಮೊದಲಿನದಕ್ಕಿಂತ ಚೆನ್ನಾಗಿದೆ, ಗೆರೆ ಇನ್ನೂ ನೇರ. ಹೆಜ್ಜೆ ಇಲ್ಲ. ಮೊಬೈಲಿನ ಆನೆ ಎಚ್ಚರಿಕೆ ಗ್ರೂಪ್‌ನಲ್ಲಿ ಮೆಸೇಜ್ ಬಂದಿದೆ — ಹಿಂಡು ಬಾಳೆಲೆ ಊರಿನ ಕಡೆ ಇದೆಯಂತೆ. ಅಲ್ಲಿಯವರಿಗೆ ಕಷ್ಟ, ಆದರೂ ಅಲ್ಲೇ ಇರಲಿ ಅಂತ ಬಯಸಿದೆ. ದೇವರು ಕ್ಷಮಿಸಲಿ.

ಶನಿವಾರ ಸಾವುಕಾರರು ಬಂದು ನೋಡುತ್ತಾರೆ. ಅಷ್ಟರಲ್ಲಿ ಮಳೆಯೂ ಹಿಡಿಯುತ್ತದಂತೆ, ಸೋಮವಾರದಿಂದ ಬಾಗಿಲು ತೆಗೆಯಬಹುದು. ಚಾಪೆಗಳನ್ನು ಒಗೆದು ಹಾಕಿದೆ. ಹೂವಿನ ಹೊದಿಕೆಗೆ ಹರಿದ ಕಡೆ ತೇಪೆ ಹಾಕಿದೆ.

ಮೇ 24, ಶನಿವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಮಣ್ಣು ಎಳೆಯುವ ಕುಂಟೆ ಕೈಯಲ್ಲೇ ಇತ್ತು.

ಹೆಜ್ಜೆ ಇತ್ತು. ತೋಡಿನಿಂದ ನೇರ ಗೋಡೆಗೆ ಬಂದಿದೆ, ಗೋಡೆ ಉದ್ದಕ್ಕೂ ನಡೆದಿದೆ, ತಿರುಗಿ ತೋಡಿಗೆ ಹೋಗಿದೆ. ಒಂದೇ ಆನೆ. ಪಾದದ ಬಿರುಕುಗಳ ಗುರುತು ಕೂಡ ಬಿದ್ದಿದೆ, ಅಷ್ಟು ಹದವಾಗಿ ಎಳೆದಿದ್ದೆ ಮಣ್ಣನ್ನು. ಗೋಡೆಯ ಮೇಲೆ ನನ್ನ ಎದೆಮಟ್ಟದಲ್ಲಿ ಸೊಂಡಿಲು ಒರೆಸಿದ ಕೆಸರು. ಎಲ್ಲೂ ತಳ್ಳಿಲ್ಲ, ಕೆದರಿಲ್ಲ. ಸಂದು ಸಂದು ಮೂಸಿ ನೋಡಿ ಹೋಗಿದೆ.

ಸುತ್ತಮುತ್ತ ಯಾರೂ ಇಲ್ಲ. ಕುಂಟೆ ಹಾಕಿ ನಾಲ್ಕು ಸಲ ಎಳೆದರೆ ಮಣ್ಣು ಸಮ. ಕೆಸರಿಗೆ ಒಂದು ಬಟ್ಟೆ ಸಾಕು. ಬಂದಿತು, ಬೆಲ್ಲ ಸಿಗಲಿಲ್ಲ, ಹೋಯಿತು, ಇನ್ನು ಬರುವುದಿಲ್ಲ — ಹಾಗೂ ಇರಬಹುದಲ್ಲ? ತೋಟದಲ್ಲಿ ಗೋಣಿ ಮೇಲೆ ಮಲಗಿಸಿದರೆ ಆನೆ ಬರುವುದಿಲ್ಲವೇ? ಅಲ್ಲಿ ಗೋಡೆಯೂ ಇಲ್ಲ. ಇದೆಲ್ಲ ಯೋಚನೆ ಬಂತು. ಬರಲಿಲ್ಲ ಅಂತ ಬರೆದರೆ ಸುಳ್ಳು.

ಎಳೆಯಲು ಶುರುವನ್ನೂ ಮಾಡಿದೆ. ಮೊದಲ ಹೆಜ್ಜೆಯ ಒಂದು ಅಂಚು ಹೋಯಿತು. ಆಗ ಆ ಹೊದಿಕೆ ನೆನಪಾಯಿತು, ಇಟ್ಟಿಗೆ ಅಡಿಯಲ್ಲಿ ಸಿಕ್ಕಿ ಬಾರದೇ ಇದ್ದದ್ದು. ತೋಟದಲ್ಲಿ ಏನಾದರೂ ಆದರೆ ಅದು ಆದದ್ದು. ಇಲ್ಲಿ ಆದರೆ ಅದು ನಾನು ಮಾಡಿದ್ದು. ಕುಂಟೆ ಆಚೆ ಎಸೆದು ಮೆಟ್ಟಿಲ ಮೇಲೆ ಕೂತೆ. ಜೀಪ್ ಬರುವ ತನಕ ಏಳಲಿಲ್ಲ.

ಸಾವುಕಾರರು ಮೊದಲು ಗೋಡೆ ನೋಡಿದರು. ಮುಟ್ಟಿದರು, ಕೀಲಿಯಿಂದ ಕೆರೆದರು. "ಭಾರಿ ಆಗಿದೆ ವನಜಮ್ಮ."

"ಕೆಳಗೆ ನೋಡಿ ಸಾವ್ಕಾರ್ರೆ."

ನೋಡಿದರು. ಅಂಚು ಅಳಿಸಿದ್ದ ಹೆಜ್ಜೆಯ ಮುಂದೆ ಬಗ್ಗಿದರು. ಬಿದ್ದಿದ್ದ ಕುಂಟೆಯನ್ನೂ ನೋಡಿದರು.

"ನೀವು ಎಳೆದು ಬಿಟ್ಟಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಗೊತ್ತು."

ಬೀಗದಕೈ ಗೊಂಚಲಿನಿಂದ ಈ ಕೋಣೆಯದನ್ನು ನಾನೇ ಬಿಡಿಸಿ ಕೊಟ್ಟೆ. ಉಗುರು ಮುರಿದಿತ್ತು, ಬೇಗ ಬರಲಿಲ್ಲ. ಚಿನ್ನ ಬಂದು ಹೆಜ್ಜೆ ನೋಡಿ, ನನ್ನ ಮುಖ ನೋಡಿ, "ಒಳ್ಳೇದು ಮಾಡ್ದೆ ಅಕ್ಕ" ಅಂದ. ಒಳ್ಳೆಯದೋ ಕೆಟ್ಟದ್ದೋ. ಎರಡೆರಡು ಸಲ ಕಟ್ಟಿದ ಗೋಡೆ.

ಸಂಜೆ ಮನೆಗೆ ಬಂದರೆ ಇವರು ಮಂಚ ಎಳೆದು ಗೋಡೆಗೆ ಸೇರಿಸುತ್ತಿದ್ದರು. ಟಿವಿ ಮೇಜು ಆಗಲೇ ಅಡುಗೆಮನೆಯಲ್ಲಿ.

"ಏನ್ರೀ ಇದು?"

"ಏಳು ಜನ ತಾನೆ. ಒತ್ತೊತ್ತಾಗಿ ಮಲಗುಸ್ಕೋ. ನಮ್ಮನೆ ಬಂಗಲೆ ಕರೆಂಟ್ ಬೇಲಿ ಒಳಗೆ ಅದೆ, ಆನೆ ಬರಾಕಿಲ್ಲ."

"ಸಾವ್ಕಾರ್ರು?"

"ಕೇಳಿದೆ. ಬೇಡ ಅನ್ನಲಿಲ್ಲ. ಹೂಂ ಅಂತಾನೂ ಅನ್ನಲಿಲ್ಲ."

ಇವರ ಮೇಲೆ ಹತ್ತು ದಿನದಿಂದ ಇದ್ದ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಂಚದ ಇನ್ನೊಂದು ತುದಿ ನಾನು ಹಿಡಿದೆ.

ಮೇ 26, ಸೋಮವಾರ, ಮಧ್ಯಾಹ್ನ

ಮಳೆ ಹಿಡಿದಿದೆ, ನಿನ್ನೆಯಿಂದ ಒಂದೇ ಸಮ. ಅಮ್ಮಂದಿರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕೂಸುಗಳನ್ನು ಒಳಗೆ ಅವುಚಿಕೊಂಡು ಇಷ್ಟು ದೂರ ಹತ್ತಿ ಬಂದು ಬಿಟ್ಟುಹೋದರು. ಒಬ್ಬಳೂ ಗೊಣಗಲಿಲ್ಲ. ಏಳೂ ಇವೆ.

ಇವರು ಈಗಷ್ಟೇ ಲೈನ್‌ಗೆ ಹೋಗಿ ಬಂದರು. ನೆನೆದು ತೊಪ್ಪೆ. ತಲೆ ಒರೆಸಿಕೊಳ್ಳುತ್ತಾ ಹೇಳಿದರು — ಗೋಡೆ ಒಂದು ಹನಿ ಒಳಗೆ ಬಿಟ್ಟಿಲ್ಲ ಕಣೇ. ಕೈಯಿಟ್ಟು ನೋಡಿದರಂತೆ. ಮೆಣಸಿನ ಚೀಲಗಳು ಸೂರಿನ ತನಕ ಪೇರಿಸಿವೆ, ಒಣಗಿದ ಹಾಗೇ ಇವೆ, ಬೆಚ್ಚಗೆ.

ನಮ್ಮ ಹಾಲ್‌ನಲ್ಲಿ ಮೂರು ಕಡೆ ಸೋರುತ್ತಿದೆ. ಒಂದಕ್ಕೆ ಬಕೆಟ್, ಒಂದಕ್ಕೆ ಇಡ್ಲಿ ಪಾತ್ರೆ. ಮೂರನೆಯದಕ್ಕೆ ಏನಿಡಲಿ ಅಂತ ಹುಡುಕುತ್ತಿದ್ದೆ, ಚಂದನಾ ಹೋಗಿ ಬಾಯಿ ತೆರೆದುಕೊಂಡು ಅದರ ಕೆಳಗೇ ನಿಂತಿದ್ದಾಳೆ. ಮಿಕ್ಕವೂ ಎದ್ದವು. ಎಲ್ಲ ಬಾಯಿ ತೆರೆದುಕೊಂಡು —